ಜರಡಿಯಲ್ಲಿ ಸಿಕ್ಕ ಉಣ್ಣೆ: ಲಾಂಚು ಡ್ರೈವರನ ಮರು ಹೇಳಿಕೆ

ಹೆಸರು ಚಿತ್ರಲಿಂಗಪ್ಪ ಬಿನ್ ಓಬಣ್ಣ, ವಯಸ್ಸು ಮೂವತ್ತೆಂಟು ವರ್ಷ, ಕಸುಬು ಮೋಟಾರ್ ಲಾಂಚಿನ ಡ್ರೈವರ್, ಸ್ವಂತ ಊರು ಹೊಳಲ್ಕೆರೆ ತಾಲ್ಲೂಕು ತಾಳ್ಯ, ಹಾಲಿ ವಾಸ ಹಿರಿಯೂರು ತಾಲ್ಲೂಕು ಮಾರಿಕಣಿವೆ ಅಣೆಕಟ್ಟೆಯ ಕೆಳಗಿನ ಬೀದಿ. ಯಾರೂ ಕರೆಸದೆ ನಾನಾಗಿಯೇ ಈ ದಿನ ಠಾಣೆಗೆ ಬಂದು ಸಾಹೇಬರ ಮುಂದೆ ಹೇಳಿ ಬರೆಸುವುದೇನೆಂದರೆ:

ನಾನು ಮೊದಲು ಹೊಸದುರ್ಗದಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದೆ. ಮೂರು ವರ್ಷದ ಹಿಂದೆ ಹಿರಿಯೂರಿನ ಮುರುಗಪ್ಪನವರು ಮಂಗಳೂರು ಕಡೆಯಿಂದ ಒಂದು ಹಳೆಯ ಲಾಂಚನ್ನು ಕೊಂಡು, ಲಾರಿಯ ಮೇಲೆ ತರಿಸಿ, ಮಾರಿಕಣಿವೆಯ ಹಿನ್ನೀರಿಗೆ ಇಳಿಸಿದರು. ಅಂದಿನಿಂದ ನಾನೇ ಅದರ ಡ್ರೈವರ್. ಹೊಸದುರ್ಗ ತಾಲ್ಲೂಕಿನ ಕಡೆಯ ದಡದಿಂದ ಅಣೆಕಟ್ಟೆಗೆ, ಅಣೆಕಟ್ಟೆಯಿಂದ ಆ ದಡಕ್ಕೆ ಜನರನ್ನು ದಾಟಿಸುತ್ತೇನೆ. ನಡೆದು ಬಳಸಿ ಬರುವವರಿಗೆ ಅರ್ಧ ದಿನದ ದಾರಿ, ಲಾಂಚಿನಲ್ಲಿ ಐವತ್ತು ನಿಮಿಷ.

ಲಾಂಚಿನ ಎಂಜಿನ್ ಸಮುದ್ರದ ದೋಣಿಗೆಂದು ಮಾಡಿದ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. ಲಾರಿಗಿರುವಂತೆ ಇದಕ್ಕೆ ರೇಡಿಯೇಟರ್ ಇಲ್ಲ. ದೋಣಿಯ ತಳದಲ್ಲಿ ಒಂದು ಬಾಯಿ ಇದ್ದು, ಅದರಿಂದ ಹಿನ್ನೀರೇ ಒಳಗೆ ಬರುತ್ತದೆ. ಬಂದ ನೀರು ಜರಡಿ ಇರುವ ಒಂದು ಡಬ್ಬಿಯಲ್ಲಿ ಸೋಸಿ, ರಬ್ಬರ್ ಪೈಪಿನಲ್ಲಿ ಪಂಪಿಗೆ ಹೋಗುತ್ತದೆ. ಪಂಪು ಅದನ್ನು ಎಂಜಿನ್ನಿನ ಮೈಯೊಳಗೆಲ್ಲ ತಿರುಗಿಸಿ ದೋಣಿಯ ಪಕ್ಕದ ಕೊಳವೆಯಿಂದ ಹೊರಗೆ ಚೆಲ್ಲುತ್ತದೆ. ಈ ನೀರು ನಿಂತರೆ ಎಂಜಿನ್ ಕಾಯುತ್ತದೆ. ಸಾಹೇಬರಿಗೆ ಮುಂದಿನದು ತಿಳಿಯಲೆಂದು ಇದನ್ನು ಹೇಳಿದ್ದೇನೆ.

ದಿನಾಂಕ 19-11-1974ರಂದು ಬೆಳಿಗ್ಗೆ ಲಾಂಚು ಆಚೆ ದಡದಲ್ಲಿತ್ತು. ಲಾಂಚು ನಿಲ್ಲುವ ಜಾಗಕ್ಕೆ ಸುಮಾರು ಐವತ್ತು ಗಜ ದೂರದಲ್ಲಿ ದಡದ ಗೊಲ್ಲರ ಹಟ್ಟಿಯ ಕಾಟಲಿಂಗಪ್ಪನೆಂಬುವನು ಕುರಿಗಳನ್ನು ನೀರಿಗಿಳಿಸಿ ಮೈ ತೊಳೆಯುತ್ತಿದ್ದನು. ಉಣ್ಣೆ ಕತ್ತರಿಸುವ ಮುಂಚೆ ಹಟ್ಟಿಯವರು ಹೀಗೆ ತೊಳೆಯುವುದು ವಾಡಿಕೆ. ಕುರಿಗಳನ್ನು ಇನ್ನೂ ಆಚೆಗೆ ಹೊಡೆದುಕೊಂಡು ಹೋಗು ಎಂದು ನಾನು ಕೂಗಿದೆ. ಅದಕ್ಕೆ ಅವನು, ‘ನಿನ್ನ ಲಾಂಚಿನ ಎಣ್ಣೆ ನೀರಿನ ಮ್ಯಾಲೆ ತೇಲ್ತೈತೆ. ಕುರಿ ಮೂಸಿ ನೋಡಿ ಕುಡೀದಂಗೆ ವಾಪಸ್ ಬರ್ತಾವೆ. ನೀನೇ ಒಂದೀಟು ಆಚೆ ನಿಲ್ಸಬಾರದಾ’ ಎಂದನು. ನಾನು ಬಾಯಿಗೆ ಬಂದಂತೆ ಬೈದೆ. ಅವನು ತಿರುಗಿ ಬೈಯಲಿಲ್ಲ. ಕುರಿಗಳನ್ನು ಹೆಂಡತಿ ನಾಗಕ್ಕನಿಗೆ ಒಪ್ಪಿಸಿ, ಸಂತೆಗೆಂದು ಒಂದು ಟಗರನ್ನು ಹಿಡಿದುಕೊಂಡು ಬಂದು ಲಾಂಚು ಹತ್ತಿದನು. ಜಾಗವಿಲ್ಲದ ಕಾರಣ ಹಿಂದುಗಡೆ ಎಂಜಿನ್ ಪೆಟ್ಟಿಗೆಯ ಪಕ್ಕದಲ್ಲಿ, ಟಗರನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕುಳಿತನು.

ಸಂತೆಯ ದಿನವಾದ್ದರಿಂದ ಇಪ್ಪತ್ತೈದಕ್ಕೂ ಹೆಚ್ಚು ಜನ ಹತ್ತಿದ್ದರು. ತಡವಾಗಿತ್ತು. ಒಂಬತ್ತೂವರೆಗೆ ಬಿಟ್ಟು, ಎಂಜಿನ್ನನ್ನು ಪೂರಾ ವೇಗಕ್ಕೆ ಹಾಕಿದೆ. ಅರ್ಧ ದಾರಿಗೆ ಬಂದಾಗ ಶಾಖದ ಮುಳ್ಳು ಕೆಂಪು ಗೆರೆ ದಾಟಿತ್ತು. ಪಕ್ಕದ ಕೊಳವೆಯಲ್ಲಿ ನೀರಿನ ಬದಲು ಹಬೆ ಬರುತ್ತಿತ್ತು. ಬಣ್ಣ ಸುಟ್ಟ ವಾಸನೆ ಬಂದಿತು. ನಾನು ಎಂಜಿನ್ ನಿಲ್ಲಿಸಿದೆ. ಹಬೆಯನ್ನು ಕಂಡು ಬೆಂಕಿ ಎಂದು ಯಾರೋ ಕೂಗಿದ್ದರಿಂದ ಜನರೆಲ್ಲ ಎದ್ದು ಒಂದೇ ಕಡೆಗೆ ನುಗ್ಗಿದರು. ಲಾಂಚು ವಾಲಿತು. ಅಲ್ಲಿ ಈಜು ಬರುವವರು ನಾಲ್ಕು ಜನವೂ ಇರಲಿಲ್ಲ. ಕುಳಿತುಕೊಳ್ಳಿರೆಂದು ನಾನು ಕೈಮುಗಿದೆ. ದನದ ವ್ಯಾಪಾರದ ಬೋರಣ್ಣನು ನನ್ನ ಅಂಗಿಯ ಕೊರಳು ಹಿಡಿದು, ‘ಏನಲೇ, ನಮ್ಮನ್ನ ಮುಳುಗ್ಸಾಕೆ ಕರ್ಕಂಡ್ ಬಂದ್ಯಾ? ಇಂಥ ಗುಜರಿ ತಂದು ಜನ ತುಂಬ್ತೀಯಾ?’ ಎಂದು ಜಗ್ಗಾಡಿದನು. ಉಳಿದವರೂ ನನ್ನನ್ನು, ನನ್ನ ತಾಯಿಯನ್ನು ಬೈದರು.

ಅವನು ಕೊರಳು ಬಿಡದಿದ್ದರೂ ನಾನು ಬಗ್ಗಿ ತಳದ ಬಾಯಿ ಮುಚ್ಚಿ ಜರಡಿ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಒದ್ದೆ ಉಣ್ಣೆ ಇತ್ತು. ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಅದೇ ಡಬ್ಬಿಯಿಂದ ಅರ್ಧ ತುಂಬುವಷ್ಟು ಪಾಚಿಯನ್ನು ನಾನು ಎಷ್ಟೋ ಸಲ ತೆಗೆದಿದ್ದೇನೆ. ಆಗೆಲ್ಲ ಎಂಜಿನ್ ಕಾದಿರಲಿಲ್ಲ. ಒಂದು ಹಿಡಿ ಉಣ್ಣೆಗೆ ನೀರು ನಿಲ್ಲುವುದಿಲ್ಲವೆಂಬುದು ಆ ಗಳಿಗೆಯಲ್ಲಿಯೇ ನನ್ನ ಮನಸ್ಸಿಗೆ ಬಂದಿತು. ಬಂದರೂ ನಾನು ಆ ಉಣ್ಣೆಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು, ‘ನೋಡ್ರಿ, ಇದು ಯಾರ ಕೆಲಸ ಅಂತ ನೀವೇ ನೋಡ್ರಿ. ಬೆಳಿಗ್ಗೆ ನನ್ನ ಜತೆ ಜಗಳಾಡಿ ಬಂದು ಇಲ್ಲೇ ಕುಂತವ್ನೆ’ ಎಂದೆ.

ಎಲ್ಲರ ಮುಖವೂ ನನ್ನ ಕಡೆಯಿಂದ ಕಾಟಲಿಂಗಪ್ಪನ ಕಡೆಗೆ ತಿರುಗಿತು. ಬೋರಣ್ಣನ ಕೈ ನನ್ನ ಕೊರಳು ಬಿಟ್ಟಿತು. ನನಗೆ ಆಗ ಉಸಿರು ಬಂದಂತಾಯಿತು.

ಮೊದಲು ಬೋರಣ್ಣನು, ಆಮೇಲೆ ಇನ್ನು ನಾಲ್ಕೈದು ಜನ ಸೇರಿ ಕಾಟಲಿಂಗಪ್ಪನಿಗೆ ಹೊಡೆದರು. ಅವನು ಎದ್ದು ನಿಲ್ಲಲೂ ಇಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಟಗರನ್ನು ಮಾತ್ರ ತಬ್ಬಿಕೊಂಡಿದ್ದನು. ಸಿರಿಗೆರೆಯ ಹಾಸ್ಟೆಲಿನಲ್ಲಿ ಓದುವ ಮಗನಿಗೆಂದು ರೊಟ್ಟಿಯ ಗಂಟು ಹಿಡಿದುಕೊಂಡು ಹೊರಟಿದ್ದ ಮರುಳಸಿದ್ದಮ್ಮನೆಂಬ ಹೆಂಗಸು, ‘ಹೊಡೀಬ್ಯಾಡ್ರಪ್ಪೋ, ಅವ್ನು ಕುಂತ ಜಾಗ ಬಿಟ್ಟು ಎದ್ದೇ ಇಲ್ಲ, ನಾನು ಎದುರಿಗೇ ಇದೀನಿ’ ಎಂದು ಎರಡು ಸಲ ಕೂಗಿದಳು. ಅದು ನನಗೆ ಕೇಳಿಸಿತು. ನಾನು ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ, ತಲೆ ಎತ್ತಲಿಲ್ಲ. ಅಷ್ಟರಲ್ಲಿ ಯಾರೋ ಒದ್ದದ್ದರಿಂದ ಕಾಟಲಿಂಗಪ್ಪನು ಎಂಜಿನ್ನಿನ ಮೇಲೆ ಬಿದ್ದು, ಬಲಗೈ ಹೊಗೆ ಕೊಳವೆಗೆ ತಗುಲಿ ಸುಟ್ಟಿತು. ಆ ಕೈಯ ಮಣಿಕಟ್ಟೂ ಮುರಿಯಿತು.

ಸುಮಾರು ಮುಕ್ಕಾಲು ಗಂಟೆ ಆರಲು ಬಿಟ್ಟು ಎಂಜಿನ್ ಚಾಲೂ ಮಾಡಿದೆ. ಭಯದಿಂದ ನಿಧಾನವಾಗಿಯೇ ಓಡಿಸಿದೆ. ಅಣೆಕಟ್ಟೆ ಮುಟ್ಟುವವರೆಗೂ ಮುಳ್ಳು ಮೇಲೇರಲಿಲ್ಲ. ಉಣ್ಣೆ ತೆಗೆದ ಮೇಲೆ ಸರಿಹೋಯಿತಲ್ಲ ಎಂದು ಜನ ಮಾತಾಡಿಕೊಂಡರು. ನಾನೂ ಹೌದೆಂದೆ. ದಡದಲ್ಲಿದ್ದ ಮುರುಗಪ್ಪನವರು ವಿಷಯ ಕೇಳಿ, ನನ್ನನ್ನು ಇದೇ ಠಾಣೆಗೆ ಕರೆತಂದು ದೂರು ಕೊಡಿಸಿದರು. ದ್ವೇಷದಿಂದ ಎಂಜಿನ್ನಿಗೆ ಉಣ್ಣೆ ತುರುಕಿ ಜನರ ಪ್ರಾಣಕ್ಕೆ ಅಪಾಯ ತಂದನೆಂದು ನಾನು ಹೇಳಿ, ರುಜು ಮಾಡಿದೆ. ಕಾಟಲಿಂಗಪ್ಪನನ್ನು ಆಸ್ಪತ್ರೆಗೆ ಸೇರಿಸಿದರು.

ಮಾರನೆಯ ದಿನ ಮುರುಗಪ್ಪನವರ ಹೇಳಿಕೆಯಂತೆ ಜನರಿಲ್ಲದೆ ಲಾಂಚನ್ನು ಓಡಿಸಿ ನೋಡಿದೆ. ಜರಡಿಯಲ್ಲಿ ಏನೂ ಇರಲಿಲ್ಲ, ಬೆಳಕು ಹಿಡಿದು ನೋಡಿಯೇ ಹೊರಟಿದ್ದೆ. ಪೂರಾ ವೇಗಕ್ಕೆ ಹಾಕಿ ಕಾಲು ಗಂಟೆಯೂ ಆಗಿರಲಿಲ್ಲ, ಮುಳ್ಳು ಮತ್ತೆ ಕೆಂಪು ದಾಟಿತು. ಹಬೆ ಬಂದಿತು. ಲಾಂಚಿನಲ್ಲಿ ನಾನೊಬ್ಬನೇ ಇದ್ದೆ. ನೀರಿನ ನಡುವೆ ಎಂಜಿನ್ ನಿಲ್ಲಿಸಿ ಕುಳಿತೆ. ಬೈಯುವವರು ಯಾರೂ ಇರಲಿಲ್ಲ. ತೋರಿಸಲು ಕೈಯಲ್ಲಿ ಉಣ್ಣೆಯೂ ಇರಲಿಲ್ಲ.

ಅಂದಿನಿಂದ ಒಂದೊಂದಾಗಿ ಬಿಚ್ಚಿ ನೋಡಿದೆ. ಮೊದಲು ಪಂಪಿನ ಮುಚ್ಚಳ ತೆಗೆದೆ. ಒಳಗೆ ರಬ್ಬರ್ ರೆಕ್ಕೆಗಳ ಚಕ್ರವಿದ್ದು, ರೆಕ್ಕೆ ಮುರಿದರೆ ನೀರು ಏರುವುದಿಲ್ಲ. ಎಲ್ಲ ರೆಕ್ಕೆಗಳೂ ಗಟ್ಟಿಯಾಗಿದ್ದವು. ಆಮೇಲೆ ಥರ್ಮೋಸ್ಟಾಟ್ ಬಿಚ್ಚಿದೆ. ಎಂಜಿನ್ ಬಿಸಿಯಾದಾಗ ತಾನಾಗಿ ಬಾಯಿ ತೆರೆದು ನೀರು ಬಿಡುವ ಸಣ್ಣ ಸಾಧನ ಅದು. ಬೀದಿಯ ಚಾದ ಅಂಗಡಿಗೆ ಒಯ್ದು, ಕುದಿಯುವ ನೀರಿಗೆ ದಾರ ಕಟ್ಟಿ ಬಿಟ್ಟೆ. ಸರಿಯಾಗಿ ತೆರೆಯಿತು. ಮುಳ್ಳೇ ಸುಳ್ಳು ಹೇಳುತ್ತಿರಬಹುದೆಂದು ಎಂಜಿನ್ನಿನಿಂದ ಅದಕ್ಕೆ ಶಾಖ ತಿಳಿಸುವ ತಂತಿಯ ತುದಿಯನ್ನೂ ಅದೇ ನೀರಿಗೆ ಹಾಕಿ ನೋಡಿದೆ. ಅದು ಸುಳ್ಳು ಹೇಳುತ್ತಿರಲಿಲ್ಲ. ಎಂಜಿನ್ನಿನ ಒಳದಾರಿಗೆ ತಂತಿ ಹಾಕಿ ಕೆರೆದೆ, ಸುಣ್ಣದಂಥ ಪುಡಿ ಸ್ವಲ್ಪ ಬಂತು, ಅಷ್ಟೇ. ಎಲ್ಲ ಜೋಡಿಸಿ, ದಡದಲ್ಲಿ ಮೆಲ್ಲಗೆ ಓಡಿಸಿದರೆ ಕೊಳವೆಯಲ್ಲಿ ನೀರು ದಪ್ಪನಾಗಿ ಬೀಳುತ್ತಿತ್ತು. ನಡುನೀರಿಗೆ ಹೋಗಿ ವೇಗ ಹೆಚ್ಚಿಸಿದರೆ ಮತ್ತೆ ಅದೇ.

ದಿನಾಂಕ 22ರಂದು ಮಧ್ಯಾಹ್ನ ನನಗೆ ಒಂದು ಹೊಳೆಯಿತು. ನಿಧಾನದಲ್ಲಿ ಬರುವ ನೀರು ವೇಗದಲ್ಲಿ ಯಾಕೆ ನಿಲ್ಲಬೇಕು? ಇಷ್ಟು ದಿನ ನಾನು ಎಂಜಿನ್ ನಿಲ್ಲಿಸಿ ಬಿಚ್ಚಿ ನೋಡಿದ್ದೆನೇ ಹೊರತು, ಕಾಯುತ್ತಿರುವಾಗ ನೋಡಿರಲಿಲ್ಲ. ಲಾಂಚನ್ನು ದಪ್ಪ ಹಗ್ಗದಿಂದ ದಡದ ಕಲ್ಲಿಗೆ ಬಿಗಿದು ಕಟ್ಟಿ, ಎಂಜಿನ್ನನ್ನು ಪೂರಾ ವೇಗಕ್ಕೆ ಬಿಟ್ಟು, ಪೆಟ್ಟಿಗೆಯೊಳಗೆ ಕೈ ಹಾಕಿ ಜರಡಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪನ್ನು ಹಿಡಿದೆ. ಪಂಪಿನ ಎಳೆತಕ್ಕೆ ಅದು ನನ್ನ ಅಂಗೈಯಲ್ಲಿಯೇ ಚಪ್ಪಟೆಯಾಗಿ ಒಳಕ್ಕೆ ಸೇರಿಕೊಂಡಿತು, ಕರು ಚೀಪುವಾಗ ಮೊಲೆ ಸೊಟ್ಟಗಾಗುವಂತೆ. ವೇಗ ಇಳಿಸಿದೆ, ಉಬ್ಬಿ ದುಂಡಗಾಯಿತು. ಏರಿಸಿದೆ, ಚಪ್ಪಟೆಯಾಯಿತು. ಪೈಪನ್ನು ಬಿಚ್ಚಿ ಚಾಕುವಿನಿಂದ ಉದ್ದಕ್ಕೆ ಸೀಳಿದೆ. ಹೊರಗಿನಿಂದ ಕಪ್ಪಗೆ ಹೊಸದರಂತೆ ಇದ್ದರೂ, ಒಳಗಿನ ಪದರ ಬಿಟ್ಟುಕೊಂಡು ನಾಲಿಗೆಯಂತೆ ಜೋತುಬಿದ್ದಿತ್ತು. ಹಳೆಯ ರಬ್ಬರು, ತಾನಾಗಿಯೇ ಹೋಗಿತ್ತು. ಇದರಲ್ಲಿ ಯಾರ ಕೈವಾಡವೂ ಇಲ್ಲ. ಆ ಪೈಪಿನ ತುಂಡನ್ನು ಈಗ ಠಾಣೆಗೆ ಹಾಜರುಪಡಿಸಿದ್ದೇನೆ.

ಮಾರನೆಯ ದಿನ ಚಿತ್ರದುರ್ಗಕ್ಕೆ ಹೋಗಿ, ಪಂಪ್‌ಸೆಟ್ಟಿಗೆ ಹಾಕುವ, ಒಳಗೆ ತಂತಿ ಸುತ್ತಿದ ಗಟ್ಟಿ ಪೈಪನ್ನು ಅಳತೆಗೆ ಕತ್ತರಿಸಿ ತಂದು ಹಾಕಿದೆ. ಪೂರಾ ವೇಗದಲ್ಲಿ ಒಂದು ಗಂಟೆ ಓಡಿಸಿದೆ. ಕಾಯಲಿಲ್ಲ. ಮೂರು ವರ್ಷದಲ್ಲಿ ಪ್ರತಿ ಸಲ ರಿಪೇರಿ ಮಾಡಿದಾಗಲೂ ನನಗೆ ಸಂತೋಷವಾಗುತ್ತಿತ್ತು. ಆ ದಿನ ಆಗಲಿಲ್ಲ.

ಸಂಜೆ ಮುರುಗಪ್ಪನವರಿಗೆ ಪೈಪನ್ನು ತೋರಿಸಿ ಇದ್ದದ್ದನ್ನು ಹೇಳಿದೆ. ಅವರು ಅದನ್ನು ತಿರುಗಿಸಿ ನೋಡಿ, ‘ಆತು ಬಿಡು, ಸರಿಯಾತಲ್ಲ. ಪೈಪು ಅಂತ ಯಾರ ಹತ್ರಾನೂ ಬಾಯಿ ಬಿಡಬ್ಯಾಡ. ಲಾಂಚೇ ಕೆಟ್ಟಿತ್ತು ಅಂದ್ರೆ ಲೈಸೆನ್ಸು ಹೋಗ್ತೈತೆ, ನಿನ್ನ ಕೆಲಸಾನೂ ಹೋಗ್ತೈತೆ. ಆ ಗೊಲ್ಲಂಗೆ ಹೆಂಗೂ ಪೆಟ್ಟು ಬಿದ್ದಾತು, ಈಗೇನು ವಾಪಸ್ ತಗಳಾಕೆ ಆಗ್ತೈತಾ’ ಎಂದರು. ನಾನು ಪೈಪನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟೆ. ಅವರು ನನ್ನನ್ನು ಹೆದರಿಸಿದರೆಂದು ಹೇಳಿದರೆ ಅದು ಪೂರ್ತಿ ನಿಜವಾಗುವುದಿಲ್ಲ. ಹಾಗೆ ಯಾರಾದರೂ ಹೇಳಲಿ ಎಂದು ನಾನೇ ಕಾದಿದ್ದೆ.

ಲಾಂಚು ಮತ್ತೆ ಓಡಿತು. ಹತ್ತಿದವರು ನನ್ನನ್ನು ಹೊಗಳಿದರು. ಒಬ್ಬನು ಎಲೆ ಅಡಿಕೆ ಕೊಟ್ಟು, ನೀನಿಲ್ಲದಿದ್ದರೆ ಆ ಕಿಡಿಗೇಡಿ ಎಲ್ಲರನ್ನೂ ಮುಳುಗಿಸುತ್ತಿದ್ದನೆಂದನು. ನಾನು ಆ ಎಲೆ ಅಡಿಕೆಯನ್ನು ಹಾಕಿಕೊಂಡೆ.

ದಿನಾಂಕ 27ರಂದು ಬೆಳಿಗ್ಗೆ ಆಚೆ ದಡದಲ್ಲಿ ಕಾಟಲಿಂಗಪ್ಪನ ಹೆಂಡತಿ ನಾಗಕ್ಕನು ಗಂಡನಿಗೆಂದು ಬುತ್ತಿ ಕಟ್ಟಿಕೊಂಡು ಬಂದು ಲಾಂಚಿಗೆ ಕಾಲಿಟ್ಟಳು. ಒಳಗಿದ್ದವರು ಅವಳನ್ನು ಹತ್ತಿಸಬೇಡವೆಂದು ಕೂಗಾಡಿದರು. ಅವಳು ಯಾರಿಗೂ ಉತ್ತರ ಕೊಡದೆ ನನ್ನನ್ನೇ ನೋಡಿ, ‘ಹತ್ತಲೋ ಬ್ಯಾಡ್ವೋ, ನೀನು ಹೇಳಣ್ಣ’ ಎಂದಳು. ನಾನು ಏನೂ ಹೇಳಲಿಲ್ಲ. ಹತ್ತು ಎಂದರೆ ಯಾಕೆಂದು ಕೇಳುತ್ತಾರೆ. ಅವಳು ಸ್ವಲ್ಪ ಹೊತ್ತು ಕಾದು, ಕಾಲು ಹಿಂದಕ್ಕೆ ತೆಗೆದುಕೊಂಡು, ಬುತ್ತಿಯನ್ನು ತಲೆಯ ಮೇಲಿಟ್ಟುಕೊಂಡು ದಡದ ದಾರಿ ಹಿಡಿದಳು. ಆ ದಿನ ಮೂರನೆಯ ಸಲ ದಾಟುವಾಗಲೂ ಅವಳು ದೂರದ ಗುಡ್ಡದ ಬುಡದಲ್ಲಿ ನಡೆಯುತ್ತಿರುವುದು ಕಂಡಿತು.

ಮಾರನೆಯ ದಿನ ಲಾಂಚು ಬಿಡದೆ ಹಿರಿಯೂರಿಗೆ ಬಂದು ಆಸ್ಪತ್ರೆಗೆ ಹೋದೆ. ಕಾಟಲಿಂಗಪ್ಪನ ಬಲಗೈಗೆ ಬೆರಳ ತುದಿಯವರೆಗೆ ಪಟ್ಟಿ ಸುತ್ತಿತ್ತು. ನಾಗಕ್ಕನು ಅವನಿಗೆ ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು. ನಾನು ಮಂಚದ ಪಕ್ಕ ನಿಂತೇ ಎಲ್ಲವನ್ನೂ ಹೇಳಿದೆ. ಪೈಪು ಹೋಗಿತ್ತು, ಉಣ್ಣೆಯಿಂದಲ್ಲ ಎಂದೆ. ಅವನು ಎಡಗೈಯಿಂದ ತುತ್ತನ್ನು ತಡೆದನು. ಆಮೇಲೆ, ‘ನಿಜವಾಗ್ಲೂ ಉಣ್ಣೆಯಿಂದ ಅಲ್ವಾ’ ಎಂದು ಕೇಳಿದನು. ಅಲ್ಲವೆಂದೆ.

ಅವನು, ‘ನಾನು ತುರುಕಿಲ್ಲ ಅನ್ನಾದು ನಂಗೆ ಗೊತ್ತಿತ್ತು. ಆದ್ರೆ ಬೆಳಿಗ್ಗೆ ಕುರಿ ತೊಳದಿದ್ನಲ್ಲ, ಆ ಉಣ್ಣೆ ತೇಲ್ಕಂಡು ಬಂದು ಸಿಗಹಾಕ್ಕಂಡೈತೆ, ನನ್ನಿಂದ್ಲೇ ಇಷ್ಟು ಜನ ಮುಳುಗ್ತಿದ್ರಲ್ಲ ಅಂದ್ಕಂಡೆ. ಅದ್ಕೇ ಸುಮ್ನೆ ಹೊಡಿಸ್ಕಂಡೆ’ ಎಂದನು.

ನಾನು ಕುಳಿತುಕೊಂಡೆ. ಅವನ ಕಾಲು ಮುಟ್ಟಲು ಹೋದಾಗ ನಾಗಕ್ಕನು ನನ್ನ ಕೈ ತಡೆದು, ‘ಇಲ್ಲಿ ಯಾರೂ ಇಲ್ದಾಗ ಕಾಲು ಹಿಡಿದ್ರೆ ಏನ್ ಬಂತು? ಲಾಂಚಿನಾಗೆ ಎಲ್ರ ಮುಂದೆ ಹೇಳ್ದೆ. ಎಲ್ರ ಮುಂದೇನೇ ಇದ್ನೂ ಹೇಳು. ನಮ್ಮ ಹಟ್ಟಿ ಹೆಣ್ಮಕ್ಕಳನ್ನ ಬಾವಿ ಹತ್ರಾನೂ ಆಡ್ಕಂತಾವ್ರೆ’ ಎಂದಳು.

ಅದರಂತೆ ದಿನಾಂಕ 29ರಂದು ಆಚೆ ದಡದಲ್ಲಿ ಜನ ಸೇರಿದ್ದಾಗ, ಲಾಂಚಿನ ಮುಂಭಾಗದಲ್ಲಿ ನಿಂತು, ಪೈಪನ್ನು ಎತ್ತಿ ಹಿಡಿದು ನಡೆದದ್ದನ್ನು ಹೇಳಿದೆ. ಮರುಳಸಿದ್ದಮ್ಮನು ಅಂದು ಅಲ್ಲಿಯೇ ಇದ್ದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬೋರಣ್ಣನು ಮುಂದೆ ಬಂದು, ‘ಅವತ್ತು ಉಣ್ಣೆ ತೋರ್ಸ್ದೋನು ನೀನು. ನನ್ನ ಕೈಲಿ ಹೊಡಿಸ್ದೋನು ನೀನು. ಇವತ್ತು ಪೈಪು ತೋರ್ಸಿ ಒಳ್ಳೇನು ಆಗೋನೂ ನೀನೇ. ನನ್ನ ಕೈಗೆ ಅಂಟಿದ್ದನ್ನ ನಾನು ಎಲ್ಲಿ ತೊಳ್ಕಳ್ಲಿ?’ ಎಂದು ಕೇಳಿದನು. ಅವನು ಲಾಂಚು ಹತ್ತದೆ ಹೊರಟುಹೋದನು. ಉಳಿದವರಲ್ಲಿ ಒಬ್ಬನು, ‘ಆದ್ರೂ ಆ ಗೊಲ್ಲ ಏನಾರ ಒಂದು ಮಾಡಿರ್ತಾನೆ ಬಿಡು’ ಎಂದು ಪಕ್ಕದವನಿಗೆ ಹೇಳಿದ್ದು ನನಗೆ ಕೇಳಿಸಿತು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಅವನು ತಲೆಯಾಡಿಸಿದನು. ನಂಬಿದನೋ ಇಲ್ಲವೋ ನನಗೆ ತಿಳಿಯದು. ಆ ಸಂಜೆಯೇ ಮುರುಗಪ್ಪನವರು ನನ್ನನ್ನು ಕೆಲಸದಿಂದ ಬಿಡಿಸಿ, ಹೊಸಬ ಸಿಗುವವರೆಗೆ ಎರಡು ದಿನ ಓಡಿಸು ಎಂದರು.

ನಿನ್ನೆ ದಿನ ಕಾಟಲಿಂಗಪ್ಪನನ್ನು ಆಸ್ಪತ್ರೆಯಿಂದ ಬಿಟ್ಟರು. ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಅಣೆಕಟ್ಟೆಗೆ ಬಂದಿಳಿದಾಗ ನಾನು ಲಾಂಚು ಸಿದ್ಧ ಮಾಡಿಕೊಂಡು ಕಾದಿದ್ದೆ. ಬರ್ರಿ, ದಾಟಿಸುತ್ತೇನೆ ಎಂದೆ. ಕಾಟಲಿಂಗಪ್ಪನ ಮಾತಿನಲ್ಲಿ ಕೋಪವಿರಲಿಲ್ಲ. ‘ಮಿಷನ್ನು ಸರಿಯಾತಲ್ಲ, ಒಳ್ಳೇದಾತು. ನಾನು ಅದ್ರಾಗೆ ಕುಂತ್ಕಳಾಕೆ ಆಗಲ್ಲಪ್ಪ. ನಡ್ಕಂಡೇ ಹೋಗ್ತೀವಿ’ ಎಂದನು. ಇಬ್ಬರೂ ಹೊರಟರು. ಮೊದಲ ಒಂದು ಮೈಲಿ ದಾರಿ ನೀರಿನ ಪಕ್ಕದಲ್ಲಿಯೇ ಇದೆ. ಅವರು ಕಾಣುವವರೆಗೂ ನಾನು ದಡದಲ್ಲಿಯೇ ನಿಂತಿದ್ದೆ.

ಆದ್ದರಿಂದ ನಾನು 19ರಂದು ಕೊಟ್ಟ ದೂರು ಸುಳ್ಳು. ಕಾಟಲಿಂಗಪ್ಪನ ಮೇಲಿನ ಕೇಸನ್ನು ವಜಾ ಮಾಡಿ, ಸುಳ್ಳು ದೂರಿಗಾಗಿ ನನ್ನ ಮೇಲೆ ಕಾನೂನಿನಂತೆ ಏನಾಗಬೇಕೋ ಅದನ್ನು ಮಾಡಬೇಕೆಂದು ಕೋರುತ್ತೇನೆ. ಹೊಡೆದವರ ಹೆಸರು ಹೇಳೆಂದು ಸಾಹೇಬರು ಕೇಳಿದ್ದಾರೆ. ಬೋರಣ್ಣನನ್ನು ಬಿಟ್ಟು ಉಳಿದವರ ಹೆಸರು ನನಗೆ ಗೊತ್ತಿಲ್ಲ. ಆದರೆ ಬೋರಣ್ಣನ ಹೆಸರಿಗಿಂತ ಮೇಲೆ ನನ್ನ ಹೆಸರು ಇರಲಿ.

ಬರೆದುಕೊಂಡವರು ಈ ಹೇಳಿಕೆಯನ್ನು ನನಗೆ ಓದಿ ಹೇಳಿದರು. ದೂರನ್ನು ನಾನು ‘ತಪ್ಪು ತಿಳಿವಳಿಕೆಯಿಂದ’ ಕೊಟ್ಟೆನೆಂದು ಒಂದು ಕಡೆ ಬರೆದಿದ್ದರು. ಹಾಗೆ ಬರೆದರೆ ನಿನಗೇ ಅನುಕೂಲವೆಂದು ಹೇಳಿದರು. ಅದು ಸರಿಯಲ್ಲವೆಂದು ನಾನು ಹೇಳಿ, ಆ ಎರಡು ಪದಗಳನ್ನು ಹೊಡೆದು ಹಾಕಿಸಿ, ಪಕ್ಕದಲ್ಲಿ ರುಜು ಮಾಡಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಹಿರಿಯೂರು
ದಿನಾಂಕ: 1-12-1974

(ರುಜು) ಚಿತ್ರಲಿಂಗಪ್ಪ